ಬಾಮೈದನ ಎರಡನೇ ಕೇಸು

ಓದುಗರ ಪತ್ರ: ನನ್ನ ಬಾಮೈದ ನಮ್ಮ ಜೊತೆಯಲ್ಲೇ ಇದ್ದಾನೆ. ನಾಲ್ಕು ವರ್ಷದ ಹಿಂದೆ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದು, ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟಿ ಬಂದಿದ್ದ. ಕಳೆದ ತಿಂಗಳು ಇಂದಿರಾನಗರದಿಂದ ರಾತ್ರಿ ನನ್ನ ಕಾರಿನಲ್ಲಿ ಬರುವಾಗ ಮತ್ತೆ ಸಿಕ್ಕಿಬಿದ್ದಿದ್ದಾನೆ. ಡಿಎಲ್ ಪೊಲೀಸರು ಇಟ್ಟುಕೊಂಡಿದ್ದಾರೆ. ಮೂರು ವರ್ಷ ದಾಟಿರುವುದರಿಂದ ಇದು ಎರಡನೇ ಕೇಸು ಆಗುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಒಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯುತ್ತದೆಯೇ? ಜೈಲಾಗುತ್ತದೆಯೇ? ಸರ್ಕಾರ ಕೊಡುವ ಅರ್ಧ ದಂಡದ ರಿಯಾಯಿತಿ ಇದಕ್ಕೂ ಸಿಗುತ್ತದೆಯೇ? ಒಂದು ಗಂಟೆವರೆಗೆ ಪಬ್ ತೆರೆಯಲು ಬಿಟ್ಟು, ಹೊರಗೆ ನಾಕಾಬಂದಿ ಹಾಕಿ ಊದಿಸುವುದು ಯಾವ ನ್ಯಾಯ?
— ಹೆಸರು ಬೇಡ, ವಿಜಯನಗರ

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗಳಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 'ಹತ್ತು ಸಾವಿರ ಕಟ್ಟಿ ಬಂದಿದ್ದ' ಎಂಬ ಮಾತು. ಕರೆಂಟ್ ಬಿಲ್ ಕಟ್ಟಿ ಬಂದ ಹಾಗೆ ಬರೆದಿದ್ದೀರಿ. ತಪ್ಪು ನಿಮ್ಮೊಬ್ಬರದಲ್ಲ, ಈ ಊರಿನಲ್ಲಿ ಎಲ್ಲರೂ ಮಾತಾಡುವುದು ಹೀಗೆಯೇ. ಆದರೆ ಅಂದು ನಡೆದದ್ದು ಇಷ್ಟು: ನಿಮ್ಮ ಬಾಮೈದ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಅಪರಾಧ ಒಪ್ಪಿಕೊಂಡ, ನ್ಯಾಯಾಲಯ ಅವನನ್ನು ಅಪರಾಧಿ ಎಂದು ಘೋಷಿಸಿತು, ಶಿಕ್ಷೆಯಾಗಿ ದಂಡ ಹಾಕಿತು. ಹಣ ಕಟ್ಟಿದ ರಸೀದಿ ಎಲ್ಲೋ ಕಳೆದುಹೋಗಿರಬಹುದು, ತೀರ್ಪು ಕಳೆದುಹೋಗುವುದಿಲ್ಲ. ಇವತ್ತಿನ ಕೇಸಿನ ಭಾರವೆಲ್ಲ ಅದರ ಮೇಲೆ ನಿಂತಿದೆ.

ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ಜಂಪ್ ಮಾಡಿದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಮುಂದೆ ಹೋಗಬಹುದು. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಅಂಥ ಅಪರಾಧಗಳನ್ನು ಸ್ಥಳದಲ್ಲೇ ರಾಜಿ ಮಾಡಿ ಮುಗಿಸಲು ಬಿಡುತ್ತದೆ. ಕುಡಿದು ಓಡಿಸುವುದು, ಅಂದರೆ 185ನೇ ಕಲಂ, ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೇ ಕೋರ್ಟಿಗೆ ಹೋಗಲೇಬೇಕು. ರಸ್ತೆಯಲ್ಲೇ 'ಇಷ್ಟು ಕೊಡಿ, ಮುಗಿಸೋಣ' ಎಂದು ಯಾರಾದರೂ ಕೇಳಿದರೆ ಅದು ದಂಡವಲ್ಲ, ಏನೆಂದು ನಿಮಗೇ ಗೊತ್ತು. ಅರ್ಧ ದಂಡದ ರಿಯಾಯಿತಿಗೂ ಇದೇ ಉತ್ತರ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಜನ ಠಾಣೆಗಳ ಮುಂದೆ ಸಾಲು ನಿಂತು ಕಟ್ಟಿದ್ದು ಬಾಕಿ ಉಳಿದಿದ್ದ ಇ-ಚಲನ್‌ಗಳನ್ನು. ನ್ಯಾಯಾಲಯ ಹಾಕುವ ಶಿಕ್ಷೆಯ ಮೇಲೆ ಸರ್ಕಾರ ಡಿಸ್ಕೌಂಟ್ ಕೊಡುವ ಹಾಗಿಲ್ಲ. 2019ರಲ್ಲಿ ದಂಡಗಳು ದಿಢೀರನೆ ಏರಿ ಜನ ಕೂಗೆಬ್ಬಿಸಿದಾಗಲೂ ರಾಜ್ಯ ಸರ್ಕಾರ ಹೆಲ್ಮೆಟ್ಟಿನಂಥವನ್ನು ಇಳಿಸಿತೇ ಹೊರತು ಇದನ್ನು ಮುಟ್ಟಲಿಲ್ಲ.

ಇನ್ನು ಆ ಮೂರು ವರ್ಷ. ನಿಮ್ಮ ಪರಿಚಯದವರು ಇದನ್ನು ಗಾಳಿಯಿಂದ ಹಿಡಿದು ತಂದಿಲ್ಲ, ಹಳೆಯ ಕಾನೂನು ಹೇಳುತ್ತಿದ್ದಾರೆ. 1988ರ ಕಾಯ್ದೆಯಲ್ಲಿ, ಹಿಂದಿನ ಅಪರಾಧ ನಡೆದು ಮೂರು ವರ್ಷದೊಳಗೆ ಮತ್ತೆ ಅದೇ ಅಪರಾಧ ಮಾಡಿದರೆ ಮಾತ್ರ ಎರಡನೆಯದರ ಹೆಚ್ಚಿನ ಶಿಕ್ಷೆ ಎಂದಿತ್ತು. 2019ರ ತಿದ್ದುಪಡಿ ಆ ಮಾತನ್ನೇ ಕಿತ್ತುಹಾಕಿತು. ಆ ವರ್ಷ ಸೆಪ್ಟೆಂಬರ್ 1ರಿಂದ ಎರಡರ ನಡುವೆ ಎಷ್ಟು ವರ್ಷ ಕಳೆದಿದೆ ಎಂಬ ಲೆಕ್ಕವಿಲ್ಲ. ನಾಲ್ಕಾಗಲಿ ಹದಿನಾಲ್ಕಾಗಲಿ, ಎರಡನೆಯದು ಎರಡನೆಯದೇ. ಮೊದಲ ಸಲ ಬೈಕು, ಈ ಸಲ ಕಾರು ಎಂಬುದರಿಂದಲೂ ಏನೂ ಬದಲಾಗದು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಬದಲಾವಣೆ ಆಯಿತು, ಅದನ್ನು ಗಮನಿಸಿದವರು ಕಡಿಮೆ. ಮೊದಲು ದಂಡ '2,000 ರೂಪಾಯಿವರೆಗೆ', ಎರಡನೇ ಸಲ '3,000 ರೂಪಾಯಿವರೆಗೆ' ಎಂದಿತ್ತು. ಆ 'ವರೆಗೆ'ಯ ಜಾಗದಲ್ಲಿ ಮ್ಯಾಜಿಸ್ಟ್ರೇಟರು ಮನೆಯ ಕಷ್ಟ ನೋಡಿ ಕಡಿಮೆ ಮಾಡುತ್ತಿದ್ದರು. ಈಗ ಮೊದಲ ಸಲಕ್ಕೆ 10,000, ಎರಡನೇ ಸಲದಿಂದ 15,000 ಎಂದು ಗೆರೆ ಎಳೆದು ಬರೆದಿದೆ. ಜೈಲಿಗೆ ಮಾತ್ರ 'ವರೆಗೆ' ಉಳಿದಿದೆ: ಮೊದಲ ಸಲ ಆರು ತಿಂಗಳವರೆಗೆ, ಎರಡನೇ ಸಲ ಎರಡು ವರ್ಷದವರೆಗೆ. ಜೈಲು ಅಥವಾ ದಂಡ ಅಥವಾ ಎರಡೂ. ಆದ್ದರಿಂದ ಜೈಲು ಖಚಿತವೇ ಎಂದರೆ ಖಚಿತವಲ್ಲ, ಅದು ನ್ಯಾಯಾಧೀಶರ ವಿವೇಚನೆ. ಆದರೆ ಒಮ್ಮೆ ದಂಡ ಕಟ್ಟಿಯೂ ಬುದ್ಧಿ ಬರದವನು ಎಂದು ಕಾಗದಪತ್ರವೇ ಹೇಳುವಾಗ ಆ ವಿವೇಚನೆ ಯಾವ ಕಡೆ ವಾಲೀತು ಎಂದು ಊಹಿಸಬಹುದು. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ, ಮೊದಲ ಸಲ ಸಿಕ್ಕಿಬಿದ್ದವರಿಗೂ ಜೈಲು ಶಿಕ್ಷೆಯನ್ನೇ ಕೋರಿ ಎಂದು ರಾಜ್ಯಗಳಿಗೆ ಸೂಚಿಸಿತ್ತು.

ನೀವು ಜೈಲಿನ ಬಗ್ಗೆ ಕೇಳಿದ್ದೀರಿ, ದಂಡದ ಬಗ್ಗೆ ಕೇಳಿದ್ದೀರಿ. ಡಿಎಲ್ ಬಗ್ಗೆ ಕೇಳಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಅದೇ. ಕಾಯ್ದೆಯ 22ನೇ ಕಲಮಿನಲ್ಲಿ ಒಂದು ಸಣ್ಣ ಉಪಕಲಂ ಇದೆ. 185ರ ಅಡಿ ಒಮ್ಮೆ ಅಪರಾಧಿಯಾದವನು ಮತ್ತೆ ಅದೇ ಕಲಮಿನಲ್ಲಿ ಅಪರಾಧಿಯಾದರೆ, ನ್ಯಾಯಾಲಯ ಅವನ ಚಾಲನಾ ಪರವಾನಗಿಯನ್ನು ರದ್ದು ಮಾಡತಕ್ಕದ್ದು. ಮಾಡಬಹುದು ಎಂದಿಲ್ಲ. ಅಮಾನತು ಎಂದೂ ಇಲ್ಲ. ಅಮಾನತಾದರೆ ಇಂತಿಷ್ಟು ತಿಂಗಳಾದ ಮೇಲೆ ವಾಪಸು ಬರುತ್ತದೆ. ರದ್ದಾದದ್ದು ವಾಪಸು ಬರುವುದಿಲ್ಲ. ಹೀಗಾಗಿ 'ಒಪ್ಪಿಕೊಂಡು ಹದಿನೈದು ಸಾವಿರ ಕಟ್ಟಿ ಮುಗಿಸಿಬಿಡೋಣ' ಎನ್ನುವವನು ತನ್ನ ಡಿಎಲ್ ರದ್ದತಿಗೂ ಅದೇ ಉಸಿರಿನಲ್ಲಿ ಒಪ್ಪಿಗೆ ಕೊಡುತ್ತಿರುತ್ತಾನೆ. ಅವನಿಗೆ ಅದು ಗೊತ್ತಿರುವುದಿಲ್ಲ, ಅಷ್ಟೆ.

ಕೋರ್ಟಿನ ದಾರಿ ಒಂದಾದರೆ ಆರ್‌ಟಿಒ ದಾರಿ ಇನ್ನೊಂದು, ಎರಡೂ ಒಟ್ಟಿಗೇ ಸಾಗುತ್ತವೆ. ಪೊಲೀಸರು ಡಿಎಲ್ ಇಟ್ಟುಕೊಂಡದ್ದು ಹೆದರಿಸಲಿಕ್ಕಲ್ಲ. ಈಗಿನ ಕಾನೂನಿನ ಪ್ರಕಾರ ಅವರು ಅದನ್ನು ವಶಪಡಿಸಿಕೊಂಡು ಪರವಾನಗಿ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿ ವಿಚಾರಣೆ ನಡೆದು, ಆರೋಪದಲ್ಲಿ ಹುರುಳಿದೆ ಎಂದಾದರೆ ಮೊದಲ ಸಲಕ್ಕೆ ಮೂರು ತಿಂಗಳ ಅನರ್ಹತೆ, ಎರಡನೇ ಸಲಕ್ಕೆ ಪರವಾನಗಿ ರದ್ದು. ನೋಟಿಸು ಬಂದರೆ 'ಕೋರ್ಟಲ್ಲಿ ಕೇಸು ನಡೀತಿದೆಯಲ್ಲ' ಎಂದು ಕಪಾಟಿನಲ್ಲಿಟ್ಟು ಮರೆಯಬೇಡಿ. ತನ್ನ ಮಾತು ಹೇಳಿಕೊಳ್ಳುವ ಅವಕಾಶ ಅವನಿಗಿದೆ, ಆದೇಶ ಕೈಸೇರಿದ ಮೂವತ್ತು ದಿನದೊಳಗೆ ಮೇಲ್ಮನವಿಯೂ ಇದೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಆದರೆ ಪ್ರಭಾವದ ದಾರಿಯಲ್ಲ. ಹಿಂದೆ ಶಿಕ್ಷೆಯಾಗಿದೆ ಎಂದು ಹೆಚ್ಚಿನ ಶಿಕ್ಷೆ ಕೇಳುವವರು ಅದನ್ನು ಆರೋಪದಲ್ಲಿ ಹೇಳಬೇಕು, ಆರೋಪಿ ಒಪ್ಪದಿದ್ದರೆ ಸಾಬೀತು ಮಾಡಬೇಕು. ಯಂತ್ರದ ಫಲಿತಾಂಶ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿತ್ತೇ, ಆ ಚೀಟಿ ಕಡತದಲ್ಲಿದೆಯೇ, ಬಂಧಿಸಿದ್ದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಯಿತೇ, ಇವನ್ನೆಲ್ಲ ಒಬ್ಬ ವಕೀಲರು ಕೂತು ನೋಡಬೇಕು. ಕೋರ್ಟಿನ ಗೇಟಿನ ಬಳಿ ಸಿಗುವ 'ಹತ್ತು ನಿಮಿಷದಲ್ಲಿ ಮುಗಿಸಿಕೊಡ್ತೀನಿ ಸಾರ್' ವಕೀಲರಲ್ಲ. ಮೊದಲ ಸಲ ಅವರೇ ಇರಬೇಕು ಒಪ್ಪಿಸಿ ಕಳಿಸಿದ್ದು! ಊದಲು ನಿರಾಕರಿಸಿದ್ದರೆ ಬಚಾವಾಗುತ್ತಿದ್ದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ ಅದು ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೇ ಬಲ ಕೊಡುವ ಸಂಗತಿ ಎಂದು ನ್ಯಾಯಾಲಯ ಭಾವಿಸಬಹುದು. ಏಲಕ್ಕಿ, ಪಾನ್, ಹಸಿ ಈರುಳ್ಳಿಯ ಕಥೆಗಳೂ ಹಾಗೆಯೇ. ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಬೀಳುವ ಮದ್ಯದ ಅಂಶವನ್ನು.

ಮೂವತ್ತು ಮಿಲಿಗ್ರಾಂ ಎಂದರೆ ಎಷ್ಟು ಎಂಬ ಅಂದಾಜು ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ. ಸಾಧಾರಣ ಮೈಕಟ್ಟಿನ ಗಂಡಸು 650 ಮಿಲಿಯ ಒಂದು ಬಿಯರ್ ಬಾಟಲಿ ಬೇಗ ಖಾಲಿ ಮಾಡಿದರೆ ಸಾಕು, ಸಾಮಾನ್ಯವಾಗಿ ಆ ಗೆರೆ ದಾಟಿರುತ್ತಾನೆ. ದೇಹ ಅದನ್ನು ಕರಗಿಸುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ, ಕಾಫಿ ಕುಡಿದರೂ ತಲೆಗೆ ನೀರು ಸುರಿದುಕೊಂಡರೂ ಆ ವೇಗ ಹೆಚ್ಚುವುದಿಲ್ಲ. ಮಧ್ಯರಾತ್ರಿ 150 ಇದ್ದವನು ಬೆಳಗ್ಗೆ ಏಳಕ್ಕೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು ಹೊರಟರೂ ಕಾನೂನಿನ ಲೆಕ್ಕದಲ್ಲಿ ಇನ್ನೂ ಕುಡಿದವನೇ. ನಮ್ಮ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳ ಚಾಲಕರಿಗೆ ಊದಿಸುವುದು ಸುಮ್ಮನೆ ಅಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕಾರು ನಿಮ್ಮದು ಎಂದು ಬರೆದಿದ್ದೀರಿ. ಅವನು ಕುಡಿದಿದ್ದಾನೆಂದು ಗೊತ್ತಿದ್ದೂ ಯಾರಾದರೂ ಕೀ ಕೊಟ್ಟು ಕಳಿಸಿದರೆ ಅದು ಕುಮ್ಮಕ್ಕು. 188ನೇ ಕಲಮಿನ ಪ್ರಕಾರ ಕುಮ್ಮಕ್ಕು ಕೊಟ್ಟವರಿಗೂ ಮೂಲ ಅಪರಾಧದ್ದೇ ಶಿಕ್ಷೆ. ಆ ರಾತ್ರಿ ನೀವು ಮನೆಯಲ್ಲಿ ಮಲಗಿದ್ದಿರಿ ಎಂದುಕೊಳ್ಳುತ್ತೇನೆ. ಮುಂದಿನದು ಕೇಳಿ. ಪರವಾನಗಿ ಇಲ್ಲದವನಿಗೆ ಮಾಲೀಕ ವಾಹನ ಓಡಿಸಲು ಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ದಂಡ ಅಥವಾ ಎರಡೂ. ಅನರ್ಹಗೊಂಡ ಮೇಲೂ ಓಡಿಸಿದರೆ ಅವನಿಗೆ ಪ್ರತ್ಯೇಕವಾಗಿ ಮೂರು ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಅಪಘಾತವಾದರೆ ಸ್ವಂತ ಕಾರಿನ ರಿಪೇರಿಗೆ ವಿಮೆ ಕೇಳಲು ಹೋಗಿ ಬರಿಗೈಲಿ ಬರಬೇಕಾದೀತು. ದೆಹಲಿಯ ಒಂದು ದುಬಾರಿ ಕಾರಿನ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಉಸಿರಿನ ಪರೀಕ್ಷೆಯೇ ಆಗಿರದಿದ್ದರೂ ಸಂದರ್ಭಗಳಿಂದ ಕುಡಿದದ್ದು ಸಾಬೀತಾದರೆ ಕಂಪನಿ ಹಣ ಕೊಡಬೇಕಿಲ್ಲ ಎಂದಿತು. ಯಾರಾದರೂ ಸತ್ತರಂತೂ 185ರ ಮಾತು ಹಿಂದೆ ಸರಿಯುತ್ತದೆ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಏಳು ಕೂಲಿಕಾರರ ಮೇಲೆ ಕಾರು ಹತ್ತಿಸಿದವನದು ಬರೀ ಅಜಾಗರೂಕತೆಯಲ್ಲ, ಕೊಲೆಯಲ್ಲದ ನರಹತ್ಯೆ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ಪಬ್ಬಿನ ಬಗ್ಗೆ ನೀವು ಎತ್ತಿದ ತಕರಾರನ್ನು ತಳ್ಳಿಹಾಕುವುದಿಲ್ಲ. ಅಬಕಾರಿ ಆದಾಯ ಬೇಕು, ಒಂದು ಗಂಟೆವರೆಗೆ ವ್ಯಾಪಾರ ಬೇಕು. ಆದರೆ ವಾರದ ಮಾಮೂಲಿ ರಾತ್ರಿಗಳಲ್ಲಿ ಕೊನೆಯ ಮೆಟ್ರೋ ಅದಕ್ಕೆ ಬಹಳ ಮುಂಚೆಯೇ ಹೊರಟುಹೋಗಿರುತ್ತದೆ. ಡಿಸೆಂಬರ್ 31ರ ರಾತ್ರಿ ತಡವಾಗಿ ಓಡಿಸಲು ಸಾಧ್ಯವಾದರೆ ಶನಿವಾರಗಳಂದೂ ಏಕೆ ಸಾಧ್ಯವಿಲ್ಲ ಎಂದು ಈ ಪತ್ರಿಕೆಯೂ ಕೇಳುತ್ತದೆ. ಆದರೆ ನಿಮ್ಮ ಬಾಮೈದನ ವಿಷಯದಲ್ಲಿ ಈ ವಾದ ನಿಲ್ಲದು. ಆ ಹೊತ್ತಿನಲ್ಲಿ ಇಂದಿರಾನಗರದಿಂದ ವಿಜಯನಗರಕ್ಕೆ ಆಟೋದವನು ಒಂದೂವರೆ ಪಟ್ಟು ಅಲ್ಲ, ಮೂರು ಪಟ್ಟು ಕೇಳಿದ್ದರೂ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

ಇನ್ನೊಂದು ಮಾತು, ಸ್ವಲ್ಪ ಕಹಿ. ಎರಡು ಸಲ ಸಿಕ್ಕಿಬಿದ್ದವನು ಎರಡೇ ಸಲ ಕುಡಿದು ಓಡಿಸಿದವನಾಗಿರುವುದು ಅಪರೂಪ. ಚಟದ ಕುಡುಕ ಎಂದು ಮನವರಿಕೆಯಾದರೆ ಅದೊಂದೇ ಕಾರಣಕ್ಕೆ ಪರವಾನಗಿ ಕಿತ್ತುಕೊಳ್ಳುವ ಅಧಿಕಾರವೂ ಪ್ರಾಧಿಕಾರಕ್ಕೆ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ಅವನು ಹೋಗಲು ಒಪ್ಪುವ ಹಾಗಿದ್ದರೆ, ಕೋರ್ಟಿನ ದಿನಾಂಕಕ್ಕೆ ಕಾಯದೆ ಕರೆದುಕೊಂಡು ಹೋಗಿ. ನಿಮ್ಮ ಮನೆಯವರು ತಮ್ಮನ ಪರ ನಿಂತು ಅಳುತ್ತಾರೆ ಎಂಬುದು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಈ ಉತ್ತರವನ್ನು ಅವರಿಗೂ ಓದಲು ಕೊಡಿ.

ಈ ವಾರದಲ್ಲೇ ಮಾಡಬೇಕಾದದ್ದು ಎರಡು ಕೆಲಸ. ನಾಲ್ಕು ವರ್ಷದ ಹಿಂದಿನ ಕೇಸಿನ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ, ಅದು ಕೈಗೆ ಬಂದ ಮೇಲೆಯೇ ವಕೀಲರ ಬಳಿ ಕೂತು ಒಪ್ಪಿಕೊಳ್ಳುವುದೋ ನಡೆಸುವುದೋ ತೀರ್ಮಾನಿಸಿ. ಕಾರಿನ ಎರಡನೇ ಕೀ ಅವನ ಬಳಿ ಇದ್ದರೆ ಇವತ್ತೇ ಇಸಿದುಕೊಳ್ಳಿ.