ಡ್ರ್ಯಾಗನ್ ಮೇಲೋ ರೆವಾಕ್ಸ್ ಮೇಲೋ: ಉತ್ತರ ಟೇಪಿನಲ್ಲಿದೆ

ನಾಕಮಿಚಿ ಡ್ರ್ಯಾಗನ್ ಮತ್ತು ರೆವಾಕ್ಸ್ ಬಿ215, ಈ ಎರಡು ಹಳೆಯ ಕ್ಯಾಸೆಟ್ ಡೆಕ್‌ಗಳಲ್ಲಿ ಯಾವುದರ ಧ್ವನಿ ಮೇಲು ಎಂದು ಕೇಳಿದ್ದೀರಿ. ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಜೋಡಿಸಿ ತಿಂಗಳುಗಟ್ಟಲೆ ಕೇಳಿದ್ದೇನೆ. ಆದರೂ ಉತ್ತರ ಹೇಳುವ ಮೊದಲು ನಾನು ನಿಮ್ಮನ್ನು ಕೇಳಬೇಕಾದದ್ದು ಒಂದಿದೆ: ನೀವು ಹಾಕಲಿರುವ ಟೇಪು ಯಾವ ಯಂತ್ರದಲ್ಲಿ ರೆಕಾರ್ಡ್ ಆದದ್ದು?

ಅದೇ ಡೆಕ್‌ನಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ, ಅದರಲ್ಲೇ ಕೇಳುವುದಾದರೆ ಎರಡರ ನಡುವೆ ಕೂದಲೆಳೆಯಷ್ಟೇ ಅಂತರ. 1985ರ ಸುಮಾರಿಗೆ ಬಂದ ರೆವಾಕ್ಸ್‌ನಲ್ಲಿ ನಾಲ್ಕು ಮೋಟಾರುಗಳಿವೆ, ಬೆಲ್ಟ್ ಎಂಬುದೇ ಇಲ್ಲ. ರೆಕಾರ್ಡಿಂಗ್‌ಗೆ ಮೊದಲು ಒಂದು ಗುಂಡಿ ಒತ್ತಿದರೆ ಟೇಪಿನ ಗುಣವನ್ನು ತಾನೇ ಅಳೆದು, ಬಯಾಸ್ (ರೆಕಾರ್ಡ್ ಮಾಡುವಾಗ ಧ್ವನಿಯೊಂದಿಗೆ ಬೆರೆಸುವ, ಕಿವಿಗೆ ಕೇಳದ ಸಂಕೇತ) ಮತ್ತು ಧ್ವನಿಮಟ್ಟವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ. ಮಾಮೂಲಿ ಟೇಪಿನಿಂದಲೂ ಅದು ಹೊರಡಿಸುವ ಧ್ವನಿ ಬೆರಗು ಹುಟ್ಟಿಸುವಂಥದ್ದು. ವೇಗದ ಸ್ಥಿರತೆಯನ್ನು ಪರೀಕ್ಷಿಸಲು ನಾನು ಹಾಕುವುದು ತಂಬೂರಿ. ಐದು ನಿಮಿಷದ ಬರಿಯ ಶ್ರುತಿ ಸಾಕು. ಸಾಧಾರಣ ಡೆಕ್‌ನಲ್ಲಿ ಷಡ್ಜ ಸಣ್ಣಗೆ ತೂಗಾಡುತ್ತದೆ, ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಈ ಎರಡರಲ್ಲೂ ಅದು ಕಂಬದಂತೆ ನಿಂತಿತು. ಇಂಥ ಕೆಲಸಕ್ಕೆ ನನ್ನ ಮತ ರೆವಾಕ್ಸ್‌ಗೆ, ಅದರ ಗಟ್ಟಿತನಕ್ಕಾಗಿ.

ಬೇರೆಯವರು ರೆಕಾರ್ಡ್ ಮಾಡಿದ ಟೇಪು ಹಾಕಿದಾಗ ಲೆಕ್ಕವೇ ಬದಲಾಗುತ್ತದೆ.

ನಮ್ಮ ಮನೆಯಲ್ಲಿ ಅಪ್ಪ ಬಯಲಾಟಗಳಲ್ಲಿ ಕುಳಿತು ಹಿಡಿದಿಟ್ಟ ಯಕ್ಷಗಾನದ ಟೇಪುಗಳಿವೆ. ಕೈಯಲ್ಲಿ ಒಯ್ಯುವ ಸಾಧಾರಣ ಮೋನೋ ರೆಕಾರ್ಡರು, ಧ್ವನಿವರ್ಧಕದ ಕಂಬದ ಬುಡದಲ್ಲಿ ಇಟ್ಟದ್ದು. ಅದರಲ್ಲೊಂದನ್ನು ಮೊದಲು ರೆವಾಕ್ಸ್‌ಗೆ ಹಾಕಿದೆ. ಭಾಗವತರ ಕಂಠವೇನೋ ಬಂತು, ಜಾಗಟೆ ಮಾತ್ರ ಕಂಬಳಿಯೊಳಗಿಂದ ಬಾರಿಸಿದಂತೆ ಕೇಳಿತು. ಚೆಂಡೆಯ ಪೆಟ್ಟಿಗೆ ಮೊನೆಯೇ ಇರಲಿಲ್ಲ. ಟೇಪು ಸವೆದಿದೆ ಎಂದು ನಾವೆಲ್ಲ ಎಷ್ಟೋ ವರ್ಷಗಳಿಂದ ನಂಬಿಕೊಂಡಿದ್ದೆವು. ಅದನ್ನೇ ತೆಗೆದು ಡ್ರ್ಯಾಗನ್‌ಗೆ ಹಾಕಿದೆ. ಮೊದಲ ಕ್ಷಣ ಅದೇ ಮಂಕು. ಕೆಲವು ಸೆಕೆಂಡುಗಳಲ್ಲಿ, ಯಾರೋ ಬಾಗಿಲು ತೆರೆದಂತೆ, ಜಾಗಟೆಯ ಅಂಚು ಬಿಚ್ಚಿಕೊಂಡಿತು, ಗದ್ದೆಯ ಜೀರುಂಡೆಗಳ ಸದ್ದು ಹಿಂದೆ ಎದ್ದು ಬಂತು. ಅಪ್ಪ ಎದ್ದು ಬಂದು ಸ್ಪೀಕರಿನ ಪಕ್ಕದಲ್ಲೇ ಕುಳಿತರು.

ಇದಕ್ಕೆ ಕಾರಣ ಅಜಿಮತ್, ಅಂದರೆ ಟೇಪಿಗೆ ತಾಗಿ ಧ್ವನಿಯನ್ನು ಬರೆಯುವ, ಓದುವ ಹೆಡ್ಡಿನ ಸೀಳು ಟೇಪು ಓಡುವ ದಿಕ್ಕಿಗೆ ನಿಂತಿರುವ ಕೋನ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರಷ್ಟೇ ಓಡುತ್ತದೆ. 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ 5 ಮೈಕ್ರಾನ್‌ಗೂ ಕಡಿಮೆ ಜಾಗದಲ್ಲಿ ಮುಗಿದುಹೋಗುತ್ತದೆ. ರೆಕಾರ್ಡ್ ಮಾಡಿದ ಹೆಡ್ಡಿಗೂ ಓದುವ ಹೆಡ್ಡಿಗೂ ಒಂದು ಡಿಗ್ರಿಯ ಆರನೇ ಒಂದು ಭಾಗದಷ್ಟು ವಾರೆಯಿದ್ದರೂ ಸಾಕು, ಎಡ ಬಲ ಎರಡು ಚಾನೆಲ್‌ಗಳನ್ನು ಕೂಡಿಸಿದಾಗ ಆ ಸ್ವರ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. 1982ರಲ್ಲಿ ಬಂದ ಡ್ರ್ಯಾಗನ್ ಬಲ ಚಾನೆಲ್ಲಿನ ಜಾಡನ್ನು ಎರಡು ಪಾಲಾಗಿ ಓದಿ, ಅವುಗಳ ನಡುವಿನ ಹಿಂದುಮುಂದನ್ನು ಅಳೆದು, ಪುಟ್ಟ ಮೋಟಾರಿನಿಂದ ಹೆಡ್ಡನ್ನು ತಾನೇ ತಿರುಗಿಸುತ್ತದೆ. ರೆವಾಕ್ಸ್‌ನಲ್ಲಿ ಹೆಡ್ಡು ಭದ್ರವಾಗಿ ಕೂತಿರುತ್ತದೆ, ಅದು ಪ್ರತಿ ಟೇಪಿಗೂ ತಿರುಗಿಸಲೆಂದು ಮಾಡಿದ್ದಲ್ಲ. ಟೇಪಿನ ‘ಹಿಸ್’ ಸದ್ದನ್ನು ತಗ್ಗಿಸುವ ಡಾಲ್ಬಿ ವ್ಯವಸ್ಥೆ ಬಳಸಿದ ಟೇಪಾದರೆ ವಾರೆಯ ಪೆಟ್ಟು ಇನ್ನೂ ಹೆಚ್ಚು: ತಗ್ಗಿದ ತಾರಸ್ವರವನ್ನು ಡಾಲ್ಬಿ ಮತ್ತಷ್ಟು ತಗ್ಗಿಸುತ್ತದೆ.

ಡ್ರ್ಯಾಗನ್‌ನ ಇನ್ನೊಂದು ಗುಣ ನನಗೆ ಬಹಳ ಪ್ರಿಯ. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಉಣ್ಣೆಯ ತುಂಡು ಇರುತ್ತದಲ್ಲ, ಹಳೆಯ ಕ್ಯಾಸೆಟ್‌ಗಳಲ್ಲಿ ಅಂಟು ಒಣಗಿ ಅದು ಉದುರಿಹೋಗುತ್ತದೆ. ಡ್ರ್ಯಾಗನ್ ಆ ತುಂಡನ್ನು ಹೇಗೂ ಹಿಂದಕ್ಕೆ ತಳ್ಳಿಬಿಡುತ್ತದೆ, ಟೇಪನ್ನು ಎಳೆಯುವ ತೆಳು ಕಡ್ಡಿಗಳಾದ ಎರಡು ಕ್ಯಾಪ್‌ಸ್ಟನ್‌ಗಳ ನಡುವಿನ ಬಿಗಿಯಲ್ಲೇ ಟೇಪನ್ನು ಹೆಡ್ಡಿಗೆ ತಾಗಿಸುತ್ತದೆ. ಹಾಗಾಗಿ ಬೇರೆ ಡೆಕ್‌ಗಳಲ್ಲಿ ಉಸಿರೇ ಇಲ್ಲದಂತಿದ್ದ ಕ್ಯಾಸೆಟ್‌ಗಳೂ ಅದರಲ್ಲಿ ಹಾಡುತ್ತವೆ. ಬೂಷ್ಟು ಹಿಡಿದ ಟೇಪನ್ನು ಮಾತ್ರ ಶುಚಿ ಮಾಡದೆ ದಯವಿಟ್ಟು ಯಾವ ಡೆಕ್‌ಗೂ ಹಾಕಬೇಡಿ, ಕರಾವಳಿಯ ಮನೆಗಳಲ್ಲಿ ಇದು ತಪ್ಪಿದ್ದಲ್ಲ.

ನಾಕಮಿಚಿಯ ಧ್ವನಿ ‘ತೆರೆದಂತಿದೆ’ ಎಂಬ ಹೊಗಳಿಕೆಯನ್ನು ನೀವು ಓದಿರಬಹುದು. ಅದರಲ್ಲಿ ಒಂದು ಪಾಲು ಈಕ್ವಲೈಸೇಷನ್ನಿನದು, ಅಂದರೆ ಮಂದ್ರ ತಾರಗಳ ಪ್ರಮಾಣವನ್ನು ಸರಿದೂಗಿಸುವ ಕ್ರಮದ್ದು. ಅದರ ಮಾನದಂಡವನ್ನು ಆ ಕಂಪನಿ ಅರ್ಥ ಮಾಡಿಕೊಂಡ ಬಗೆ ಉಳಿದವರಿಗಿಂತ ಬೇರೆಯಾಗಿತ್ತು. ಬೇರೆ ಡೆಕ್‌ನ ಟೇಪು ಅದರಲ್ಲಿ ತುಸು ಹೊಳಪಾಗಿ ಕೇಳುತ್ತದೆ, ಅದರಲ್ಲಿ ಮಾಡಿದ ಟೇಪು ಬೇರೆ ಕಡೆ ತುಸು ಮಂಕಾಗುತ್ತದೆ. ಹೋಲಿಸುವಾಗ ಇದನ್ನು ಕಳೆದು ನೋಡದಿದ್ದರೆ ರೆವಾಕ್ಸ್‌ಗೆ ಅನ್ಯಾಯವಾಗುತ್ತದೆ.

ಬೆಲೆ ಭಾರವೆನಿಸಿದರೆ ನಾಕಮಿಚಿಯದೇ ಸಿಆರ್-7 ನೋಡಿ. ಅದರಲ್ಲಿ ಅಜಿಮತ್ ಹೊಂದಿಸುವ ತಿರುಪು ಮುಂಭಾಗದಲ್ಲೇ ಇದೆ. ಆಂಪ್ಲಿಫೈಯರನ್ನು ಮೋನೋಗೆ ಇಟ್ಟು, ತಾರಸ್ವರ ಅತ್ಯಂತ ಸ್ಪಷ್ಟವಾಗುವವರೆಗೆ ಕಿವಿಗೊಟ್ಟು ತಿರುಗಿಸಬೇಕು. ಎರಡು ದಿನದಲ್ಲಿ ಕೈ ಕೂರುತ್ತದೆ.

ಯಾವುದನ್ನೇ ಕೊಂಡರೂ ಅದಕ್ಕೀಗ ನಲವತ್ತು ವರ್ಷದ ಆಸುಪಾಸು. ರಬ್ಬರು ಗಡುಸಾಗಿರುತ್ತದೆ, ಕೆಪಾಸಿಟರುಗಳು ಸೊರಗಿರುತ್ತವೆ. ಚೆನ್ನಾಗಿ ರಿಪೇರಿಯಾದ ಮಧ್ಯಮ ದರ್ಜೆಯ ಡೆಕ್ಕು ಸೊರಗಿದ ಡ್ರ್ಯಾಗನ್‌ಗಿಂತ ಚೆನ್ನಾಗಿ ಹಾಡುವುದನ್ನು ಕೇಳಿದ್ದೇನೆ. ಕೊಳ್ಳಲು ಹೋಗುವಾಗ ಒಂದು ತಂಬೂರಿಯ ಟೇಪು, ಮನೆಯದೊಂದು ಹಳೆಯ ಮೋನೋ ಟೇಪು ಜೇಬಿನಲ್ಲಿರಲಿ. ಮಾರುವವರು ತಮ್ಮ ಟೇಪನ್ನು ಹಾಕಿ ತೋರಿಸಿದ ಮೇಲೆ ನಿಮ್ಮ ಎರಡನ್ನೂ ಹಾಕಿಸಿ ಕೇಳಿ, ಎರಡೂ ಬದಿಗಳನ್ನು, ಪೂರ್ತಿಯಾಗಿ.