ಎಣಿಸುವುದು ಮಗುವೋ, ಮೊಬೈಲೋ?

(ಓದುಗರ ಪ್ರಶ್ನೆ: ಪುಟಾಣಿಗಳ ಲೆಕ್ಕ ಮತ್ತು ಆಕೃತಿ ಕಲಿಕೆ)

ಮಗಳಿಗೆ ಮೂರೂವರೆ ವರ್ಷ. ಮೊಬೈಲ್ ಆ್ಯಪ್ ಜೊತೆ ಇಪ್ಪತ್ತರವರೆಗೆ ಪಟಪಟನೆ ಹೇಳುತ್ತಾಳೆ. ‘ನಾಲ್ಕು ಚಮಚ ತಾ ಪುಟ್ಟಿ’ ಅಂದರೆ ಮಾತ್ರ ಕೈಗೆ ಸಿಕ್ಕಷ್ಟು ತರುತ್ತಾಳೆ. ಆ್ಯಪ್‌ನಲ್ಲಿ ಎಲ್ಲವೂ ಸರಿ ಬರುತ್ತದೆ. ಹೀಗೇಕೆ?
– ಒಬ್ಬ ತಾಯಿ, ಹಾಸನ

ಸಂಖ್ಯೆಗಳನ್ನು ಸಾಲಾಗಿ ಹೇಳುವುದು ಬೇರೆ, ಎಣಿಸುವುದು ಬೇರೆ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಸಂಶೋಧಕರು 1978ರಲ್ಲಿ ಎಣಿಕೆಯ ಐದು ತತ್ವಗಳನ್ನು ಗುರುತಿಸಿದರು. ನಿಮ್ಮ ಪ್ರಶ್ನೆಗೆ ಅವುಗಳಲ್ಲಿ ಮೂರು ಸಾಕು: ಸಂಖ್ಯೆಗಳನ್ನು ಪ್ರತಿಸಲವೂ ಒಂದೇ ಕ್ರಮದಲ್ಲಿ ಹೇಳುವುದು, ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳುವುದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟಿದೆ ಎಂಬುದರ ಉತ್ತರವೆಂದು ತಿಳಿಯುವುದು. ನಿಮ್ಮ ಮಗಳಿಗೆ ಮೊದಲನೆಯದು ಬಂದಿದೆ, ಮೂರನೆಯದು ಇನ್ನೂ ಬರಬೇಕು. ಮಕ್ಕಳಿಗೆ ಮೊದಲು ‘ಒಂದು ಕೊಡು’ ಅರ್ಥವಾಗುತ್ತದೆ, ಕೆಲವು ತಿಂಗಳಾದ ಮೇಲೆ ‘ಎರಡು’, ಆಮೇಲೆ ‘ಮೂರು’. ಅಲ್ಲಿಂದ ಮುಂದಿನ ಸಂಖ್ಯೆಗಳ ಗುಟ್ಟು ಬಿಡಿಸಿಕೊಳ್ಳುವುದು ಹೆಚ್ಚಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ. ಆದ್ದರಿಂದ ಗಾಬರಿ ಬೇಡ.

ಆ್ಯಪ್‌ನಲ್ಲಿ ಸರಿಯಾಗುವುದಕ್ಕೆ ಕಾರಣ ಆ್ಯಪ್‌ನಲ್ಲೇ ಇದೆ. ಮಗು ಬೆರಳಿಟ್ಟ ಕೂಡಲೇ ಅದು ‘ಒಂದು’, ‘ಎರಡು’ ಎನ್ನುತ್ತದೆ. ಮುಟ್ಟಿದ ಹಣ್ಣನ್ನೇ ಮತ್ತೆ ಮುಟ್ಟಿದರೆ ಸುಮ್ಮನಿರುತ್ತದೆ. ಎಲ್ಲ ಮುಗಿದ ಮೇಲೆ ಒಟ್ಟು ಎಷ್ಟೆಂದು ಅದೇ ಘೋಷಿಸುತ್ತದೆ. ಮಗು ಮಾಡಿದ್ದು ಮುಟ್ಟುವ ಕೆಲಸ, ಲೆಕ್ಕ ಇಟ್ಟದ್ದು ಯಂತ್ರ. ಪರೀಕ್ಷಿಸುವುದು ಸುಲಭ: ಸದ್ದು ಪೂರ್ತಿ ನಿಲ್ಲಿಸಿ ಅದೇ ಆಟ ಆಡಿಸಿ. ‘ಎಷ್ಟಿವೆ?’ ಎಂದಾಗ ಅವಳು ಮತ್ತೆ ಒಂದರಿಂದ ಶುರು ಮಾಡಿದರೆ ಒಟ್ಟು ಎಂಬ ಕಲ್ಪನೆ ಇನ್ನೂ ಮೂಡಿಲ್ಲ.

ಆ್ಯಪ್ ಆಯ್ಕೆ ಮಾಡುವಾಗ ಎರಡು ಸಂಗತಿ ನೋಡಿ. ಎಣಿಸಿದ ವಸ್ತುವನ್ನು ಮಗು ಎಳೆದು ಪಕ್ಕಕ್ಕಿಡಲು ಬರಬೇಕು, ಉತ್ತರವನ್ನೂ ಮಗುವೇ ಒತ್ತಬೇಕು. ತಪ್ಪು ಉತ್ತರಕ್ಕೆ ತಮಾಷೆಯ ಸದ್ದು ಬರುವ ಆಟ ಬೇಡ. ಆ ಸದ್ದಿಗಾಗಿಯೇ ಮಕ್ಕಳು ಬೇಕೆಂದು ತಪ್ಪು ಒತ್ತುತ್ತಾರೆ. ಜೀಕಾಂಪ್ರಿ ಎಂಬ ಉಚಿತ, ಜಾಹೀರಾತಿಲ್ಲದ ತಂತ್ರಾಂಶದಲ್ಲಿ ಚೆಲ್ಲಾಡಿದ ವಸ್ತುಗಳನ್ನು ಎಳೆದು ಗುಂಪು ಮಾಡಿ, ಎಣಿಸಿ, ಸಂಖ್ಯೆ ಒತ್ತುವ ಚಟುವಟಿಕೆ ಇದೆ. ಅಂಥದ್ದು ಹುಡುಕಿ. ಮೂರು ವಸ್ತುಗಳನ್ನು ಮೀರದೆ ಶುರು ಮಾಡಿ, ಎಣಿಸಿ ಮುಗಿದಾಗಲೆಲ್ಲ ಒಟ್ಟನ್ನು ಒತ್ತಿ ಹೇಳಿ: ‘ಒಂದು, ಎರಡು, ಮೂರು. ಮೂರು ಚಮಚ!’ ಪರದೆಯಲ್ಲಿ ಆಡಿದ್ದನ್ನು ಅದೇ ದಿನ ಅಡುಗೆಮನೆಯಲ್ಲೂ ಮಾಡಿಸಿ.

ಮಗನಿಗೆ ಐದು ವರ್ಷ. ಚೌಕವನ್ನು ಓರೆಯಾಗಿ ತೋರಿಸಿದರೆ ‘ಇದು ಚೌಕ ಅಲ್ಲ, ಡೈಮಂಡ್’ ಎನ್ನುತ್ತಾನೆ. ಉದ್ದ ತೆಳು ತ್ರಿಭುಜವನ್ನೂ ಒಪ್ಪುವುದಿಲ್ಲ. ಕಂಪ್ಯೂಟರಿನಲ್ಲಿ ನಾವೇ ಏನಾದರೂ ತಯಾರಿಸಬಹುದೇ?
– ಒಬ್ಬ ಓದುಗರು, ಧಾರವಾಡ

ಖಂಡಿತ. ಮನೆಯಲ್ಲಿ ತಯಾರಿಸಿದ್ದು ಎಷ್ಟೋ ಆ್ಯಪ್‌ಗಳಿಗಿಂತ ಚೆನ್ನಾಗಿರುತ್ತದೆ. ಈ ವಯಸ್ಸಿನವರು ಆಕೃತಿಯನ್ನು ಒಟ್ಟು ನೋಟದಿಂದ ಗುರುತಿಸುತ್ತಾರೆ, ಬದಿ-ಮೂಲೆಗಳನ್ನು ಲೆಕ್ಕ ಹಾಕುವುದಿಲ್ಲ. ನೆದರ್ಲೆಂಡ್ಸಿನ ವಾನ್ ಹೀಲೆ ದಂಪತಿ 1957ರಲ್ಲಿ ವಿವರಿಸಿದ ಜ್ಯಾಮಿತಿ ಕಲಿಕೆಯ ಮೊದಲ ಹಂತ ಇದೇ. ತಳ ಕೆಳಗಿರುವ ಸಮಬಾಹು ತ್ರಿಭುಜ, ನೆಟ್ಟಗೆ ಕೂತ ಚೌಕ ಇಷ್ಟನ್ನೇ ತೋರಿಸಿದರೆ ಅದೊಂದೇ ಚಿತ್ರ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ.

ಉಚಿತವಾಗಿ ಸಿಗುವ, ಸ್ಲೈಡ್ ತಯಾರಿಸುವ ತಂತ್ರಾಂಶ ಲಿಬ್ರೆ ಆಫೀಸ್ ಇಂಪ್ರೆಸ್ ಸಾಕು. ಮೊದಲು ವ್ಯೂ ಮೆನುವಿನಿಂದ ಮಾಸ್ಟರ್ ಸ್ಲೈಡಿಗೆ (ಎಲ್ಲ ಸ್ಲೈಡುಗಳ ಹಿನ್ನೆಲೆ) ಹೋಗಿ, ಎಡಕ್ಕೊಂದು ಬಲಕ್ಕೊಂದು ದೊಡ್ಡ ಪೆಟ್ಟಿಗೆ ಬರೆಯಿರಿ. ‘ತ್ರಿಭುಜ’, ‘ತ್ರಿಭುಜ ಅಲ್ಲ’ ಎಂದು ಹೆಸರಿಡಿ. ಮಾಸ್ಟರಿನಲ್ಲಿದ್ದರೆ ಮಗು ಎಷ್ಟು ಎಳೆದರೂ ಪೆಟ್ಟಿಗೆ ಜರುಗದು. ನಂತರ ಸಾಮಾನ್ಯ ನೋಟಕ್ಕೆ ಮರಳಿ ನಡುವೆ ಎಂಟು ಆಕೃತಿ ಬರೆಯಿರಿ. ನಾಲ್ಕು ನಿಜವಾದ ತ್ರಿಭುಜಗಳು: ಒಂದು ಸಮಬಾಹು, ಒಂದು ಕಡ್ಡಿಯಂತೆ ತೆಳು, ಒಂದು ಲಂಬಕೋನದ್ದು, ಒಂದು ತಲೆಕೆಳಗಾದದ್ದು. ಉಳಿದ ನಾಲ್ಕು ಮೋಸದವು: ತುದಿ ಕತ್ತರಿಸಿದ್ದು, ಒಂದು ಬದಿ ಬಾಗಿದ್ದು, ಒಂದು ಮೂಲೆ ಕೂಡದೇ ತೆರೆದಿದ್ದು, ಮೂಲೆಗಳು ದುಂಡಗಾದದ್ದು. ಎಲ್ಲಕ್ಕೂ ಒಂದೇ ಬಣ್ಣವಿರಲಿ, ಗಾತ್ರ ಹೆಚ್ಚುಕಡಿಮೆ ಸಮವಿರಲಿ. ಬಣ್ಣ ಬೇರೆಯಾದರೆ ಮಗು ಬಣ್ಣ ನೋಡಿಯೇ ವಿಂಗಡಿಸಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಪ್ರತಿ ಆಕೃತಿಯನ್ನು ಆರಿಸಿ ಎಫ್4 ಒತ್ತಿ. ತೆರೆಯುವ ಕಿಟಕಿಯ ‘ಪ್ರೊಟೆಕ್ಟ್’ ವಿಭಾಗದಲ್ಲಿ ‘ಸೈಜ್’ ಮಾತ್ರ ಗುರುತು ಮಾಡಿ, ‘ಪೊಸಿಷನ್’ ಮುಟ್ಟಬೇಡಿ. ಆಗ ಆಕೃತಿ ಜರುಗುತ್ತದೆ, ಹಿಗ್ಗುವುದಿಲ್ಲ. ಈ ಹೆಜ್ಜೆ ಬಿಟ್ಟವರ ತ್ರಿಭುಜಗಳು ಎರಡೇ ನಿಮಿಷದಲ್ಲಿ ಪರದೆ ತುಂಬಾ ಉಬ್ಬಿರುತ್ತವೆ. ಅದೇ ಕಿಟಕಿಯ ‘ರೊಟೇಷನ್’ ಪುಟದಲ್ಲಿ ಒಂದಕ್ಕೆ 20, ಇನ್ನೊಂದಕ್ಕೆ 75 ಹೀಗೆ ಡಿಗ್ರಿ ಕೊಟ್ಟು ತಿರುಗಿಸಿ. ಇದೇ ಕಡತದ ನಕಲಿನಲ್ಲಿ ಚೌಕದ ಸರದಿ: ಶಿಫ್ಟ್ ಕೀಲಿ ಒತ್ತಿ ಹಿಡಿದು ಬರೆದರೆ ನಾಲ್ಕೂ ಬದಿ ಸಮ ಬರುತ್ತವೆ, 0, 20, 45 ಡಿಗ್ರಿ ಕೊಡಿ.

ಆಡಿಸುವುದು ಸ್ಲೈಡ್ ಶೋನಲ್ಲಿ ಅಲ್ಲ, ತಿದ್ದುವ ನೋಟದಲ್ಲೇ. ಶೋನಲ್ಲಿ ಆಕೃತಿಗಳನ್ನು ಎಳೆಯಲು ಬರುವುದಿಲ್ಲ. ಆರಿಸಿದ ಆಕೃತಿಯ ಮೇಲೆ ಮತ್ತೊಮ್ಮೆ ಕ್ಲಿಕ್ ಆದರೆ ತಿರುಗಿಸುವ ಹಿಡಿಕೆಗಳು ಕಾಣಿಸುತ್ತವೆ, ಜೋಡಿ ಕ್ಲಿಕ್ ಆದರೆ ಅಕ್ಷರ ಬರೆಯುವ ಸ್ಥಿತಿ ತೆರೆಯುತ್ತದೆ. ಎಸ್ಕೇಪ್ ಒತ್ತಿದರೆ ಸರಿಹೋಗುತ್ತದೆ. ಮುಗಿದ ಮೇಲೆ ಉಳಿಸದೇ ಮುಚ್ಚಿ, ಮರುದಿನ ಆಕೃತಿಗಳು ಮೊದಲಿನ ಜಾಗದಲ್ಲೇ ಇರುತ್ತವೆ.

ಎಳೆದು ಹಾಕುವುದಕ್ಕಿಂತ ನಿಮ್ಮ ಪ್ರಶ್ನೆ ದೊಡ್ಡದು. ‘ಇದು ಯಾಕೆ ಅಲ್ಲ?’ ಎಂದು ಕೇಳಿ. ‘ಚೂಪಿಲ್ಲ’, ‘ಇಲ್ಲಿ ಬಾಗಿಲು ತೆಗೆದಿದೆ’ ಎಂದು ಅವನದೇ ಮಾತಿನಲ್ಲಿ ಹೇಳಿದರೂ ಸಾಕು, ಕಣ್ಣು ಬದಿ-ಮೂಲೆಗಳ ಕಡೆ ಹೊರಳಿದೆ ಎಂದರ್ಥ. ಓರೆ ಚೌಕಕ್ಕೆ ಅವನ ಕಣ್ಣೆದುರೇ ಕೋನವನ್ನು 45ರಿಂದ 0ಗೆ ಬದಲಿಸಿ ತೋರಿಸಿ. ಮುಂದೆ ‘ಆಯತ’ ಎಂಬ ಪೆಟ್ಟಿಗೆ ಇಟ್ಟಾಗ ಅವನು ಅದಕ್ಕೆ ಚೌಕ ಹಾಕಿದರೆ ತಪ್ಪೆನ್ನಬೇಡಿ: ಚೌಕವೂ ಆಯತವೇ. ಇದನ್ನು ತಪ್ಪೆಂದು ತೋರಿಸುವ ಆಟಗಳಿಂದ ದೂರವಿರಿ.

ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳು, ಇರುವುದು ಒಂದೇ ಫೋನ್. ಏನು ಮಾಡಬಹುದು?
– ಕಾರ್ಯಕರ್ತೆ, ಚನ್ನಗಿರಿ ತಾಲ್ಲೂಕು

ಫೋನ್ ಮಕ್ಕಳ ಕೈಗೆ ಹೋಗಬೇಕಿಲ್ಲ, ನಿಮ್ಮ ಕೈಯಲ್ಲೇ ಇರಲಿ. ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಚುಕ್ಕಿಗಳನ್ನಿಟ್ಟು ಫೋಟೊ ತೆಗೆಯಿರಿ: ಒಂದು, ಎರಡು, ಮೂರು ಚುಕ್ಕಿ, ಪ್ರತಿಯೊಂದೂ ಎರಡು-ಮೂರು ಜೋಡಣೆಯಲ್ಲಿ. ಐದಾರು ಮಕ್ಕಳನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಒಂದು ಚಿತ್ರವನ್ನು ಎರಡು ಸೆಕೆಂಡ್ ತೋರಿಸಿ ಫೋನ್ ಮಗುಚಿ ಹಿಡಿಯಿರಿ. ಮಕ್ಕಳು ಬಾಯಿ ಬಿಡದೇ ಬೆರಳಲ್ಲಿ ಉತ್ತರ ತೋರಿಸಲಿ. ಬಾಯಿಬಿಟ್ಟರೆ ಚುರುಕಾದ ಒಂದು ಮಗುವಿನ ಉತ್ತರವನ್ನೇ ಉಳಿದವರೂ ಹೇಳುತ್ತಾರೆ. ಮೂರರವರೆಗೆ ಎಣಿಸದೇ ಕಣ್ಣಳತೆಯಲ್ಲೇ ತಿಳಿಯುತ್ತದೆ, ಅದಕ್ಕಾಗಿಯೇ ಸಮಯ ಕಡಿಮೆ. ನಾಲ್ಕಕ್ಕೆ ಚೌಕದ ಮೂಲೆಗಳಂತೆ, ಐದಕ್ಕೆ ಹಾವು-ಏಣಿ ಆಟದ ದಾಳದ ಹಾಗೆ ಜೋಡಿಸಿ.

ಉಳಿದ ಮಕ್ಕಳಿಗೆ ಅಷ್ಟರಲ್ಲಿ ಬಾಟಲಿ ಮುಚ್ಚಳ ಕೊಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದೈದು ಮನೆಗಳ ಎರಡು ಸಾಲಿನಲ್ಲಿ ತುಂಬಲು ಹೇಳಿ. ಏಳು ಎಂದರೆ ಒಂದು ಸಾಲು ತುಂಬಿ ಇನ್ನೆರಡು ಎಂಬುದು ಕಣ್ಣಿಗೆ ಕಾಣುತ್ತದೆ. ಹುಣಸೆ ಬೀಜ, ಕವಡೆಗಳನ್ನು ಮೂರು ವರ್ಷದೊಳಗಿನವರ ಕೈಗೆ ಕೊಡಬೇಡಿ. ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ.

ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್. ಎಣಿಕೆ ಯಾವುದರಲ್ಲಿ?
– ಬೆಂಗಳೂರು

ಮನೆಯಲ್ಲಿ ಆಡುವ ಮಾತಿನಲ್ಲೇ ಮೊದಲು. ಮಗುವಿಗೆ ‘ಎಷ್ಟು’, ‘ಜಾಸ್ತಿ’, ‘ಇನ್ನೊಂದು’ ಚೆನ್ನಾಗಿ ಗೊತ್ತಿರುವುದು ಅಲ್ಲೇ. ಹದಿನಾಲ್ಕು, ಹದಿನೈದರಲ್ಲಿ ಹತ್ತೂ ಕೇಳಿಸುತ್ತದೆ, ಬಿಡಿಯೂ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಥರ್ಟೀನ್-ಥರ್ಟಿ ಗೊಂದಲ ಸಾಮಾನ್ಯ. ಕನ್ನಡದಲ್ಲಿ ಎಡವುವುದು ಎಂಬತ್ತು, ಒಂಬತ್ತು, ತೊಂಬತ್ತರಲ್ಲಿ, ಅದಕ್ಕಿನ್ನೂ ಸಮಯವಿದೆ.

ದಿನಕ್ಕೆ ಎಷ್ಟು ಹೊತ್ತು? ಆಟದ ನಡುವೆ ಮೊಮ್ಮಗ ಜಾಹೀರಾತು ಒತ್ತಿಬಿಡುತ್ತಾನೆ.
– ಅಜ್ಜ, ಕುಮಟಾ

ಎರಡರಿಂದ ನಾಲ್ಕು ವರ್ಷದವರಿಗೆ ಎಲ್ಲ ಪರದೆಯೂ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಎಣಿಕೆಯ ಆಟಕ್ಕೆ ಹತ್ತು ನಿಮಿಷ ಧಾರಾಳ ಸಾಕು, ಅದೂ ನೀವು ಪಕ್ಕದಲ್ಲಿದ್ದಾಗ. ಇಂಟರ್ನೆಟ್ ಇಲ್ಲದೇ ನಡೆಯುವ ಆಟ ಆರಿಸಿ, ಏರ್‌ಪ್ಲೇನ್ ಮೋಡ್ ಹಾಕಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಪಿನ್ನಿಂಗ್’ ಎಂದು ಹುಡುಕಿ ಆನ್ ಮಾಡಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಆಟದ ಐಕಾನ್ ಒತ್ತಿ ‘ಪಿನ್’ ಆರಿಸಿದರೆ ಆ ಒಂದೇ ಆ್ಯಪ್ ತೆರೆದಿರುತ್ತದೆ. ಐಫೋನ್, ಐಪ್ಯಾಡ್‌ಗಳಲ್ಲಿ ಅದಕ್ಕೆ ‘ಗೈಡೆಡ್ ಆ್ಯಕ್ಸೆಸ್’ ಎಂಬ ಹೆಸರು. ಬಿಡಿಸಲು ಪಾಸ್‌ವರ್ಡ್ ಕೇಳುವಂತೆ ಮಾಡಿಟ್ಟು, ಮೊಮ್ಮಗನ ಎದುರು ಅದನ್ನು ಒತ್ತಬೇಡಿ.