ಪಟ್ಟಿಗೆ ಬರುವ ಮೊದಲೇ ಸೋತವರು

ಓದುಗರ ಪತ್ರ:
ಸಂಪಾದಕರೇ, ಕಳೆದ ಸಂಚಿಕೆಯ ಆಸ್ಕರ್ ಲೇಖನ ಓದಿದೆ. ಬಿಳಿಯರಲ್ಲದವರಿಗೆ ಪ್ರಶಸ್ತಿ ಸಿಗುವುದಿಲ್ಲ ಅಂತ ಉದ್ದಕ್ಕೂ ಬರೀ ದೂರು. ಪ್ರಶಸ್ತಿ ಅಂದ ಮೇಲೆ ಪ್ರತಿಭೆ ನೋಡಬೇಕು, ಚರ್ಮದ ಬಣ್ಣ ಅಲ್ಲ. ಈಗ ಸಿನಿಮಾದಲ್ಲಿ ಕಪ್ಪು ಜನ ಇರಲೇಬೇಕು, ಏಷ್ಯಾದವರು ಇರಲೇಬೇಕು ಅಂತ ನಿಯಮ ಬಂದಿದೆಯಂತೆ. ಹೀಗಾದರೆ ಆ ಪ್ರಶಸ್ತಿಗೆ ಏನು ಬೆಲೆ? ಕೊರಿಯಾದ 'ಪ್ಯಾರಸೈಟ್' ಯಾವ ರಿಯಾಯಿತಿಯೂ ಇಲ್ಲದೆ ಗೆಲ್ಲಲಿಲ್ಲವೇ? ಯೋಗ್ಯತೆ ಇದ್ದವರನ್ನು ಯಾರೂ ತಡೆಯಲಾರರು.
– ನಿವೃತ್ತ ಹೈಸ್ಕೂಲ್ ಶಿಕ್ಷಕ, ದಾವಣಗೆರೆ

ಸಂಪಾದಕರ ಉತ್ತರ:
ಮೇಷ್ಟ್ರಿಗೆ ನಮಸ್ಕಾರ.

ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಇಂಥ ಪತ್ರಗಳು ಬಂದರೆ ನನಗೆ ಖುಷಿ. ನಿಮ್ಮ ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ತಲೆ ಎಣಿಸಿ ಪ್ರಶಸ್ತಿ ಹಂಚಬಾರದು. ಹಾಗೆ ಹಂಚಿದರೆ ಗೆದ್ದವರಿಗೇ ಅವಮಾನ. ಆದರೆ "ಯೋಗ್ಯತೆ ಇದ್ದವರನ್ನು ಯಾರೂ ತಡೆಯಲಾರರು" ಅಂತ ಕೊನೆಗೆ ಬರೆದಿದ್ದೀರಲ್ಲ, ಆ ಸಾಲನ್ನು ನಾನು ಒಪ್ಪಲಾರೆ. ತಡೆದಿದ್ದಾರೆ. ಹೆಸರು, ಇಸವಿ ಸಮೇತ ಹೇಳಬಲ್ಲೆ.

1940ರ ಫೆಬ್ರವರಿ 29. ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಆ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ. ಅವತ್ತು ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಬಂದದ್ದು 'ಗಾನ್ ವಿತ್ ದ ವಿಂಡ್' ಚಿತ್ರದ ಹ್ಯಾಟಿ ಮೆಕ್‌ಡೇನಿಯಲ್‌ಗೆ. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಆಕೆಯನ್ನು ಒಳಗೆ ಬಿಡಿ ಅಂತ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಹೋಟೆಲಿನವರನ್ನು ಕೇಳಿಕೊಳ್ಳಬೇಕಾಯಿತು. ಬಿಟ್ಟರು. ಆದರೆ ಜೊತೆಯಲ್ಲಿ ನಟಿಸಿದವರ ಮೇಜಿನಲ್ಲಿ ಕೂರಿಸಲಿಲ್ಲ. ದೂರದಲ್ಲಿ, ಗೋಡೆಯ ಪಕ್ಕ, ಒಂದು ಚಿಕ್ಕ ಮೇಜು ಹಾಕಿದ್ದರು. ಅದಕ್ಕೂ ಎರಡು ತಿಂಗಳು ಮೊದಲು ಅಟ್ಲಾಂಟಾದಲ್ಲಿ ಅದೇ ಚಿತ್ರದ ಭರ್ಜರಿ ಮೊದಲ ಪ್ರದರ್ಶನ ನಡೆದಿತ್ತು. ಜಾರ್ಜಿಯಾ ರಾಜ್ಯದಲ್ಲಿ ಬಿಳಿಯರು ಬೇರೆ, ಕರಿಯರು ಬೇರೆ ಅನ್ನುವ ಕಾನೂನು. ಆಕೆ ಹೋಗುವ ಹಾಗೇ ಇರಲಿಲ್ಲ. 1952ರಲ್ಲಿ ತೀರಿಕೊಂಡಾಗ ಹಾಲಿವುಡ್‌ನ ಸ್ಮಶಾನದಲ್ಲಿ ಮಣ್ಣು ಮಾಡಿ ಅನ್ನುವುದು ಆಕೆಯ ಆಸೆಯಾಗಿತ್ತು. ಬಣ್ಣದ ಕಾರಣಕ್ಕೆ ಅದಕ್ಕೂ ಒಪ್ಪಲಿಲ್ಲ.

ಆಕೆಗೆ ಪ್ರಶಸ್ತಿ ಸಿಕ್ಕಿತಲ್ಲ, ಪ್ರತಿಭೆ ಗೆದ್ದಿತಲ್ಲ ಅಂತ ನೀವು ಕೇಳಬಹುದು. ಸಿಕ್ಕಿತು. ಸಿಕ್ಕಿದ್ದು ಮನೆಗೆಲಸದವಳ ಪಾತ್ರಕ್ಕೆ. ಆಮೇಲೆ ಬಂದ ಪಾತ್ರಗಳೂ ಹೆಚ್ಚಿನವು ಮನೆಗೆಲಸದವಳದ್ದೇ. ಇನ್ನೊಬ್ಬ ಕಪ್ಪು ನಟಿಗೆ ಆಸ್ಕರ್ ಬಂದದ್ದು 1991ರಲ್ಲಿ, ವೂಪಿ ಗೋಲ್ಡ್‌ಬರ್ಗ್‌ಗೆ. ನಡುವೆ 51 ವರ್ಷ. ಈ 51 ವರ್ಷ ಇಡೀ ಅಮೆರಿಕದ ಕಪ್ಪು ಹೆಣ್ಣುಮಕ್ಕಳಲ್ಲಿ ಯಾರಿಗೂ ಯೋಗ್ಯತೆ ಇರಲಿಲ್ಲ ಅಂತ ನೀವು ನಂಬುತ್ತೀರಾ? ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದವರು ನೀವು. ಖಂಡಿತ ನಂಬಲಾರಿರಿ.

ಇನ್ನೊಂದು ಪ್ರಕರಣ ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುತ್ತದೆ. 1937ರಲ್ಲಿ 'ದ ಗುಡ್ ಅರ್ಥ್' ಚಿತ್ರ ಬಂತು. ಪರ್ಲ್ ಬಕ್ ಅವರ ಕಾದಂಬರಿ, ಚೀನಾದ ರೈತ ಕುಟುಂಬದ ಕಥೆ. ರೈತನ ಹೆಂಡತಿ ಓಲಾನ್ ಅದರ ಜೀವ. ಆ ಹೊತ್ತಿಗೆ ಹಾಲಿವುಡ್‌ನಲ್ಲಿ ಅನಾ ಮೇ ವಾಂಗ್ ಅನ್ನುವ ಹೆಸರಾಂತ ನಟಿ ಇದ್ದರು. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಚೀನೀ ಮೂಲದವರು. ಆ ಪಾತ್ರ ಬೇಕು ಅಂತ ಆಸೆಪಟ್ಟಿದ್ದರು. ಆದರೆ ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮ್ಯೂನಿಯನ್ನು ಹಾಕಿಕೊಂಡಿದ್ದರು. ಬೇರೆ ಬೇರೆ ಜನಾಂಗದ ನಟ ನಟಿಯರನ್ನು ಗಂಡ ಹೆಂಡತಿಯಾಗಿ ತೋರಿಸಲು ಆಗಿನ ಹಾಲಿವುಡ್‌ನ ಕಟ್ಟುಪಾಡು ಬಿಡುತ್ತಿರಲಿಲ್ಲ. ಹಾಗಾಗಿ ಓಲಾನ್ ಆದದ್ದು ಲೂಯಿಸ್ ರೈನರ್, ಜರ್ಮನಿಯಲ್ಲಿ ಹುಟ್ಟಿದ ಬಿಳಿಯ ನಟಿ. ಮನೆ ಮುರಿಯುವ ಇನ್ನೊಬ್ಬ ಹೆಣ್ಣಿನ ಪಾತ್ರ ಬೇಕಾದರೆ ಮಾಡು ಅಂದರು ವಾಂಗ್‌ಗೆ. ಆಕೆ ಒಲ್ಲೆ ಅಂದರು. 1938ರಲ್ಲಿ ಅತ್ಯುತ್ತಮ ನಟಿ ಆಸ್ಕರ್ ಬಂದದ್ದು ಯಾರಿಗೆ? ಓಲಾನ್ ಪಾತ್ರಕ್ಕೆ, ಲೂಯಿಸ್ ರೈನರ್‌ಗೆ.

ರೈನರ್ ಚೆನ್ನಾಗಿ ನಟಿಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಮತ ಹಾಕಿದವರೂ ಬಹುಶಃ ಪ್ರಾಮಾಣಿಕರೇ. ಅವರ ಮುಂದೆ ಬಂದ ಪಟ್ಟಿಯಲ್ಲಿ ಯಾರು ಒಳ್ಳೆಯವರೋ ಅವರಿಗೆ ಹಾಕಿದರು. ತೊಂದರೆ ಇರುವುದೇ ಅಲ್ಲಿ. ನೀವು ಎಷ್ಟೋ ಎಸ್ಸೆಸ್ಸೆಲ್ಸಿ ಬ್ಯಾಚು ಕಳಿಸಿದವರು. ಅರ್ಧ ಕ್ಲಾಸಿಗೆ ಹಾಲ್ ಟಿಕೆಟ್ಟೇ ಕೊಡದೆ, ಉಳಿದವರ ಉತ್ತರ ಪತ್ರಿಕೆಯನ್ನು ಎಷ್ಟೇ ನ್ಯಾಯವಾಗಿ ತಿದ್ದಿದರೂ ಬಂದ ಫಸ್ಟ್ ರ‍್ಯಾಂಕಿಗೆ ನೀವು ಸಹಿ ಹಾಕುತ್ತಿದ್ದಿರಾ? ಪ್ರಶಸ್ತಿ ಕೊಡುವ ದಿನ ಪ್ರತಿಭೆ ಅಳೆಯಬಹುದು. ಆದರೆ ಆ ದಿನಕ್ಕಿಂತ ಎರಡು ವರ್ಷ ಮೊದಲು, ಸ್ಟುಡಿಯೋದ ಕೋಣೆಯಲ್ಲಿ, ಈ ಪಾತ್ರಕ್ಕೆ ಇವಳು ಬೇಡ ಅಂದರಲ್ಲ, ಆವತ್ತು ಯಾರೂ ಪ್ರತಿಭೆ ಅಳೆಯಲಿಲ್ಲ.

ಬಣ್ಣ ಮುಚ್ಚಿಟ್ಟುಕೊಂಡು ಒಳಗೆ ಹೋದವರೂ ಇದ್ದಾರೆ. ಮರ್ಲ್ ಓಬೆರಾನ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1911ರಲ್ಲಿ. ಬೆಳೆದದ್ದು ಕಲ್ಕತ್ತದಲ್ಲಿ. ಆದರೆ ಜಗತ್ತಿಗೆಲ್ಲ ಹೇಳಿದ್ದು ನಾನು ಆಸ್ಟ್ರೇಲಿಯಾದ ಟಾಸ್ಮೇನಿಯಾದವಳು ಅಂತ. 1936ರಲ್ಲಿ ಅತ್ಯುತ್ತಮ ನಟಿ ಪಟ್ಟಿಗೆ ಆಕೆಯ ಹೆಸರು ಬಂತು. ಸಾಕಿ ಬೆಳೆಸಿದ ಕಪ್ಪು ಬಣ್ಣದ ಹೆಂಗಸನ್ನು ಬಂದವರ ಮುಂದೆ ಮನೆಯ ಕೆಲಸದವಳು ಅಂತ ಪರಿಚಯಿಸುತ್ತಿದ್ದರಂತೆ. ಇದನ್ನು ಓದಿದಾಗ ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಗೆ ಬದುಕಬೇಕಾದ ಸ್ಥಿತಿ ತಂದಿಟ್ಟವರ ಮೇಲೆ ಬಂತು. 'ಗಾಂಧಿ' ಚಿತ್ರಕ್ಕೆ 1983ರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದ ಬೆನ್ ಕಿಂಗ್‌ಸ್ಲಿ ಅವರ ಹುಟ್ಟು ಹೆಸರು ಕೃಷ್ಣ ಭಾಂಜಿ. ತಂದೆ ಗುಜರಾತಿ ಮೂಲದವರು. ಆ ಹೆಸರಿಟ್ಟುಕೊಂಡರೆ ಅವಕಾಶ ಸಿಗುವುದಿಲ್ಲ ಅಂತ ಬದಲಿಸಿಕೊಂಡರು.

ಈಗ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಮೈಸೂರು ಸೀಮೆಯ ಕಾರಾಪುರದಲ್ಲಿ, ಮಹಾರಾಜರ ಆನೆ ಲಾಯದ ಮಾವುತನ ಮಗನಾಗಿ 1924ರಲ್ಲಿ ಹುಟ್ಟಿದವನು ಸಾಬು. ಸಿನಿಮಾ ಮಾಡಲು ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದ. 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಜಗತ್ತಿಗೇ ಗೊತ್ತಾದ. ಆ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಲಂಡನ್, ಆಮೇಲೆ ಹಾಲಿವುಡ್. ಕ್ಯಾಮೆರಾ ಮುಂದೆ ಅವನಿಗೆ ಹೆದರಿಕೆಯೇ ಇರಲಿಲ್ಲ. ಆ ನಗು, ಆ ಚುರುಕು ಇವತ್ತಿಗೂ ಹೊಸದಾಗಿದೆ. ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಅವನ ಚಿತ್ರ ತೋರಿಸಿದಾಗ ಕಾಲೇಜು ಹುಡುಗರು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. ಇವನು ಎಚ್.ಡಿ. ಕೋಟೆ ಕಡೆಯವನು ಅಂದಾಗ ನಂಬಲೇ ಇಲ್ಲ.

1940ರ 'ದ ಥೀಫ್ ಆಫ್ ಬಾಗ್ದಾದ್' ನೋಡಿ. ಇಡೀ ಚಿತ್ರವನ್ನು ಹೊತ್ತು ನಡೆಯುವವನು ಸಾಬು. ಪಾತ್ರ, ಕಳ್ಳನದ್ದು. ರಾಜಕುಮಾರಿಯನ್ನು ಪ್ರೀತಿಸಿ ಮದುವೆಯಾಗುವ ಬಾಗ್ದಾದ್‌ನ ದೊರೆ ಮಾತ್ರ ಇಂಗ್ಲಿಷ್ ನಟ ಜಾನ್ ಜಸ್ಟಿನ್. ಚಿತ್ರಕ್ಕೆ ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮ ಅಂತ ಮೂರು ಆಸ್ಕರ್ ಬಂತು. 1947ರ 'ಬ್ಲ್ಯಾಕ್ ನಾರ್ಸಿಸಸ್' ಕಥೆ ನಡೆಯುವುದು ಹಿಮಾಲಯದಲ್ಲಿ. ಅದರಲ್ಲಿ ಸಾಬುಗೆ ಜೋಡಿಯಾಗುವ ಭಾರತದ ಹುಡುಗಿ ಯಾರು? ಮೈಗೆ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮ್ಮನ್ಸ್. ಅದಕ್ಕೂ ಎರಡು ಆಸ್ಕರ್. ಸಾಬು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿದ್ದು, ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಗುಂಡು ಹಾರಿಸಿ, ಶೌರ್ಯ ಪದಕ ಪಡೆದು ಬಂದವನು. 1944ರಲ್ಲಿ ಅಲ್ಲಿಯ ಪ್ರಜೆಯೂ ಆದ. ಯುದ್ಧ ಮುಗಿಸಿ ವಾಪಸ್ ಬಂದಾಗ ಹಾಲಿವುಡ್ ಅವನಿಗೆ ಇಟ್ಟಿದ್ದು ಹೆಚ್ಚಾಗಿ ಮತ್ತದೇ ಕಾಡು, ಅದೇ ಪ್ರಾಣಿ. ಬೆಳೆದ ಗಂಡಸಿಗೆ ಒಂದು ಸಂಸಾರದ ಕಥೆ, ಒಂದು ನೋವಿನ ಪಾತ್ರ ಬರೆಯಲು ಯಾರಿಗೂ ತೋಚಲಿಲ್ಲ. 1963ರಲ್ಲಿ, 39ನೇ ವಯಸ್ಸಿಗೇ ಹೋಗಿಬಿಟ್ಟ. ಆಸ್ಕರ್ ನಾಮನಿರ್ದೇಶನ ಒಂದೂ ಇಲ್ಲ. ಯೋಗ್ಯತೆ ಇರಲಿಲ್ಲ ಅನ್ನುತ್ತೀರಾ ಮೇಷ್ಟ್ರೇ?

ಇದೆಲ್ಲ ಹಳೆಯ ಕಾಲ, ಈಗ ಹಾಗಿಲ್ಲ ಅನ್ನಬೇಡಿ. 2015ರಲ್ಲಿ ನಟನೆಯ 20 ನಾಮನಿರ್ದೇಶನಗಳೂ ಬಿಳಿಯರಿಗೇ ಹೋದವು. 2016ರಲ್ಲೂ ಅಷ್ಟೇ. 20ಕ್ಕೆ 20. ಏಪ್ರಿಲ್ ರೇನ್ ಅನ್ನುವ ಮಹಿಳೆ 'ಆಸ್ಕರ್ಸ್ ಸೋ ವೈಟ್', ಅಂದರೆ ಆಸ್ಕರ್ ಎಷ್ಟೊಂದು ಬಿಳಿ, ಅಂತ ಬರೆದದ್ದು 2015ರಲ್ಲೇ. ಒಳ್ಳೆಯ ಚಿತ್ರಗಳು ಬಂದಿರಲಿಲ್ಲವೇ? ಬಂದಿದ್ದವು. 'ಸೆಲ್ಮಾ' ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿತ್ತು, ಅದನ್ನು ಮಾಡಿದ ಕಪ್ಪು ಮಹಿಳೆ ಏವಾ ಡುವರ್ನೇ ನಿರ್ದೇಶಕರ ಪಟ್ಟಿಯಲ್ಲಿ ಇರಲಿಲ್ಲ. 'ಕ್ರೀಡ್' ಚಿತ್ರದ ನಾಯಕ, ನಿರ್ದೇಶಕ ಇಬ್ಬರೂ ಕಪ್ಪು ಜನ. ನಾಮನಿರ್ದೇಶನ ಬಂದದ್ದು ಬಿಳಿಯ ನಟ ಸಿಲ್ವೆಸ್ಟರ್ ಸ್ಟಲೋನ್‌ಗೆ ಮಾತ್ರ. ಕಪ್ಪು ಹುಡುಗರ ಸಂಗೀತ ತಂಡದ ಕಥೆ 'ಸ್ಟ್ರೇಟ್ ಔಟಾ ಕಾಂಪ್ಟನ್'. ಅದಕ್ಕೆ ಬಂದ ಒಂದೇ ನಾಮನಿರ್ದೇಶನ ಬಿಳಿಯ ಚಿತ್ರಕಥೆಗಾರರಿಗೆ. ಪಟ್ಟಿ ಮಾಡುವವರು ಯಾರು ಅಂತಲೂ ನೋಡಬೇಕಲ್ವಾ? ಆಸ್ಕರ್ ಕೊಡುವ ಸಂಸ್ಥೆ ಅಕಾಡೆಮಿ. ಅದರಲ್ಲಿ ನಟರ ಹೆಸರನ್ನು ನಟ ಸದಸ್ಯರು, ನಿರ್ದೇಶಕರ ಹೆಸರನ್ನು ನಿರ್ದೇಶಕ ಸದಸ್ಯರು ಆರಿಸುತ್ತಾರೆ. 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಹುಡುಕಿ ತೆಗೆದ ಲೆಕ್ಕದ ಪ್ರಕಾರ ಮತದಾರರಲ್ಲಿ ಸುಮಾರು 94 ಶೇಕಡಾ ಬಿಳಿಯರು, 77 ಶೇಕಡಾ ಗಂಡಸರು. ಅವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ತಮ್ಮ ಬದುಕಿಗೆ ಹತ್ತಿರವಾದದ್ದು ಮನಸ್ಸಿಗೆ ಬೇಗ ತಟ್ಟುತ್ತದೆ, ಅಷ್ಟೇ.

ಈಗ ನಿಮ್ಮ 'ಪ್ಯಾರಸೈಟ್'. 2020ರಲ್ಲಿ ಅದು ಅತ್ಯುತ್ತಮ ಚಿತ್ರ ಪ್ರಶಸ್ತಿ ಗೆಲ್ಲುವ ಮೊದಲು ಏನಾಗಿತ್ತು ಗೊತ್ತೇ? 2016ರ ಗಲಾಟೆಯ ನಂತರ ಅಕಾಡೆಮಿ ತನ್ನ ಬಾಗಿಲು ತೆರೆಯಿತು. ಆಗಿನ ಅಧ್ಯಕ್ಷೆ ಶೆರಿಲ್ ಬೂನ್ ಐಸಾಕ್ಸ್, ಆಫ್ರಿಕನ್ ಅಮೆರಿಕನ್ ಮಹಿಳೆ. ಆ ವರ್ಷ 683 ಮಂದಿಯನ್ನು ಹೊಸದಾಗಿ ಕರೆದರು. ಮರುವರ್ಷ 774, ಅದರ ಮರುವರ್ಷ 928. ಹೆಂಗಸರು, ಕಪ್ಪು ಜನ, ಏಷ್ಯಾದವರು, ಹೊರದೇಶದವರು ಮೊದಲಿಗಿಂತ ಎಷ್ಟೋ ಜಾಸ್ತಿ ಬಂದರು. ಹಳೆಯ ಮತದಾರರೇ ಇದ್ದಿದ್ದರೆ ಕೊರಿಯನ್ ಭಾಷೆಯ ಚಿತ್ರ ಗೆಲ್ಲುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ನೀವು ಯಾವ ಗೆಲುವನ್ನು ತೋರಿಸಿ ಬದಲಾವಣೆ ಬೇಡ ಅಂದಿರೋ, ಅದು ಬದಲಾವಣೆಯಾದ ಮೇಲೆ ಬಂದ ಗೆಲುವು. ಇಷ್ಟಾದರೂ 'ಪ್ಯಾರಸೈಟ್' ಚಿತ್ರದ ಒಬ್ಬ ನಟನಿಗೂ ಆಸ್ಕರ್ ನಾಮನಿರ್ದೇಶನ ಬರಲಿಲ್ಲ. ಎಂಟು ಆಸ್ಕರ್ ಗೆದ್ದ 'ಸ್ಲಮ್‌ಡಾಗ್ ಮಿಲಿಯನೇರ್' ಕಥೆಯೂ ಅದೇ. ಅಮೆರಿಕದ ನಟರ ಸಂಘ ಈ ಎರಡೂ ಚಿತ್ರಗಳ ತಂಡಕ್ಕೆ ವರ್ಷದ ಅತ್ಯುತ್ತಮ ಪಾತ್ರವರ್ಗ ಪ್ರಶಸ್ತಿ ಕೊಟ್ಟಿತ್ತು. ಅಕಾಡೆಮಿಗೆ ಅದರಲ್ಲಿ ಹೆಸರಿಸಲು ಒಂದೂ ಮುಖ ಕಾಣಲಿಲ್ಲ.

ನಿಯಮದ ಬಗ್ಗೆ ಹೇಳಿಬಿಡುತ್ತೇನೆ. ಅದು ಜಾರಿಗೆ ಬಂದದ್ದು 2024ರ ಸಮಾರಂಭದಿಂದ. ಅತ್ಯುತ್ತಮ ಚಿತ್ರ ವಿಭಾಗಕ್ಕೆ ಮಾತ್ರ. ನಾಲ್ಕು ಮಾನದಂಡಗಳಲ್ಲಿ ಎರಡು ಮುಟ್ಟಿದರೆ ಸಾಕು. ತೆರೆಯ ಮೇಲಿನ ಮುಖಗಳು ಅದರಲ್ಲಿ ಒಂದು. ಉಳಿದವು ತೆರೆಯ ಹಿಂದಿನ ಕೆಲಸಗಾರರು, ಹೊಸಬರಿಗೆ ತರಬೇತಿ, ಪ್ರಚಾರ ವಿಭಾಗದ ಸಿಬ್ಬಂದಿ. ಹೆಂಗಸರೂ ಅಂಗವಿಕಲರೂ ಲೆಕ್ಕಕ್ಕೆ ಬರುತ್ತಾರೆ. ಮೊದಲ ವರ್ಷವೇ ಗೆದ್ದದ್ದು 'ಓಪನ್‌ಹೈಮರ್', ಅದರ ಮುಖ್ಯ ನಟರೆಲ್ಲ ಬಿಳಿಯರು. ಯಾರ ಅವಕಾಶ ತಪ್ಪಿತು ಹೇಳಿ. ಫಾರಂ ತುಂಬಿಸಿದರೆ ನ್ಯಾಯ ಸಿಗುವುದಿಲ್ಲ ಅನ್ನುವುದು ನಿಜ. ನನ್ನ ತಕರಾರು ಆ ನಿಯಮ ತೀರಾ ಸಡಿಲ ಅನ್ನುವುದು.

ಒಂದು ಮಾತು ನಿಮ್ಮೊಬ್ಬರಿಗೇ ಹೇಳುತ್ತಿಲ್ಲ, ನಮಗೆಲ್ಲರಿಗೂ ಹೇಳುತ್ತಿದ್ದೇನೆ. 'ಪ್ರತಿಭೆ' ಅನ್ನುವ ಮಾತು ನಮ್ಮ ಬಾಯಲ್ಲಿ ಯಾವಾಗ ಬರುತ್ತದೆ ಗಮನಿಸಿ. ಬಿಳಿಯರೇ 20ಕ್ಕೆ 20 ಬಾಚಿಕೊಂಡಾಗ ಯಾರೂ ಪ್ರತಿಭೆಯ ಲೆಕ್ಕ ಕೇಳುವುದಿಲ್ಲ. ಹೊರಗಿದ್ದವರು ಇಬ್ಬರು ಒಳಗೆ ಬಂದ ಕೂಡಲೇ ಎಲ್ಲರಿಗೂ ಪ್ರತಿಭೆಯ ಚಿಂತೆ. ನಮ್ಮ ಸಿನಿಮಾದಲ್ಲೂ ನೋಡಿ. ನಮ್ಮ ನೆಲದ ಬಣ್ಣದ ಹುಡುಗಿಗೆ ನಾಯಕಿ ಪಾತ್ರ ಕೊಡಲು ಹಿಂದೆ ಮುಂದೆ ನೋಡುತ್ತೇವೆ. ಭಾಷೆ ಬಾರದಿದ್ದರೂ ಸರಿ, ಬೆಳ್ಳಗಿರಬೇಕು. ಹಿಂದಿಯಲ್ಲಿ 2019ರ 'ಬಾಲಾ' ಚಿತ್ರ ಕಪ್ಪಗಿರುವ ಹುಡುಗಿಯ ನೋವನ್ನೂ ಹೇಳುತ್ತದೆ. ಆ ಪಾತ್ರ ಮಾಡಿದ ನಟಿಗೆ ಮೇಕಪ್ ಹಾಕಿ ಕಪ್ಪು ಮಾಡಿದರು. ಕಪ್ಪಗಿರುವ ನಟಿ ಈ ದೇಶದಲ್ಲಿ ಸಿಗಲಿಲ್ಲವಂತೆ! ವಿಮರ್ಶೆ ಬರೆಯುವವರೂ 'ಹಾಲುಬಣ್ಣದ ಚೆಲುವೆ' ಅಂತ ಇನ್ನೂ ಬರೆಯುತ್ತಾರೆ. ಅಂಥ ಸಾಲು ಈ ಪತ್ರಿಕೆಯಲ್ಲಿ ಬರಲು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಇನ್ನು ದೂರಿನ ಲೇಖನ ನಿಲ್ಲಿಸಿ ಅನ್ನುವ ಅರ್ಥದಲ್ಲಿ ಬರೆದಿದ್ದೀರಿ. ಅದಾಗದು ಮೇಷ್ಟ್ರೇ. ಮುಂದಿನ ಸಲ ಗೆದ್ದವರ ಹೆಸರಿನ ಜೊತೆ ಪೂರ್ತಿ ನಾಮನಿರ್ದೇಶನ ಪಟ್ಟಿ ಹಾಕುತ್ತೇವೆ. ಆ ವರ್ಷ ಬಂದ ಒಳ್ಳೆಯ ಪಾತ್ರಗಳು ಯಾರಿಗೆ ಹೋದವು ಅನ್ನುವುದನ್ನೂ ಪಕ್ಕದಲ್ಲೇ ಕೊಡುತ್ತೇವೆ. ಸಾಬು ಬಗ್ಗೆ ಒಂದು ದೊಡ್ಡ ಲೇಖನವೂ ಬರೆಸುತ್ತಿದ್ದೇವೆ. ಓದಿ, ಒಪ್ಪಿಗೆಯಾಗದಿದ್ದರೆ ಮತ್ತೆ ಹೀಗೇ ಜಗಳ ಆಡಿ. ಪತ್ರ ಹಾಕುತ್ತೇನೆ.

– ಸಂಪಾದಕ